ಸಣ್ಣ ಬೀಗ ಎಷ್ಟು ಗಟ್ಟಿ? ಹಗುರ ಸೈಫರ್‌ಗಳ ಕೀಲಿ ಹುಡುಕುವವರು ನಮಗ್ಯಾಕೆ ಬೇಕು

ಪ್ರಯಾಣದ ಕಾರ್ಡು, ಕಾರಿನ ರಿಮೋಟ್ ಕೀ, ಅಂಗಡಿ ಸಾಮಾನಿಗೆ ಅಂಟಿಸಿದ ಟ್ಯಾಗು, ಗೋಡೆ ಮೇಲಿನ ಕರೆಂಟ್ ಮೀಟರು. ಇಂಥ ಸಾಧನಗಳ ಒಳಗೆ ಒಂದು ಪುಟ್ಟ ಚಿಪ್ ಕೂತು ಬೇರೆ ಯಂತ್ರದ ಜೊತೆ ಮಾತಾಡುತ್ತಿರುತ್ತದೆ. ಆ ಮಾತು ಬೇರೆಯವರ ಕಿವಿಗೆ ಬೀಳದಂತೆ ಗೂಢಲಿಪಿಯಲ್ಲಿ ನಡೆಯಬೇಕು. ಇದು ಎಷ್ಟು ಸುರಕ್ಷಿತ ಅಂತ ಕೇಳಿದರೆ ಮಾರುವವರು ಒಂದು ಸಂಖ್ಯೆ ಹೇಳಿ ಕೈ ತೊಳೆದುಕೊಳ್ಳುತ್ತಾರೆ: 64 ಬಿಟ್ ಕೀಲಿ, 80 ಬಿಟ್ ಕೀಲಿ, 128 ಬಿಟ್ ಕೀಲಿ.

ಆ ಸಂಖ್ಯೆಯಿಂದ ನಮಗೆ ಗೊತ್ತಾಗುವುದು ಬಹಳ ಕಡಿಮೆ. ಬೀಗದ ಕೀಲಿಗೆ ಎಷ್ಟು ಹಲ್ಲಿವೆ ಅಂತ ಎಣಿಸಿದರೆ ಬೀಗ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದಾ? ಅದನ್ನು ಹೇಳಬಲ್ಲವರು ಆ ಬೀಗ ಮುರಿಯಲು ವರ್ಷಗಟ್ಟಲೆ ಕೂತು, ಎಲ್ಲಿವರೆಗೆ ಬಂದೆವು, ಎಲ್ಲಿ ನಿಂತೆವು ಅಂತ ಲೆಕ್ಕ ಬರೆದಿಟ್ಟವರು. ಆ ಲೆಕ್ಕ ಓದುವುದು ಹೇಗೆ ಅಂತ ಈ ಬರಹದಲ್ಲಿ ವಿವರಿಸುತ್ತೇನೆ. ಸ್ವಲ್ಪ ಗಣಿತ ಬರುತ್ತದೆ, ಹೈಸ್ಕೂಲಿನದಕ್ಕಿಂತ ಹೆಚ್ಚೇನಿಲ್ಲ. ನನ್ನ ವಾದ ಇಷ್ಟೇ: ಈ ಮುರಿಯುವ ಕೆಲಸ ಬಯಲಲ್ಲಿ ನಡೆಯಲು ಬಿಡಬೇಕೋ ಬೇಡವೋ ಅನ್ನುವುದು ಇಂಜಿನಿಯರುಗಳಿಗೆ ಬಿಟ್ಟುಬಿಡುವ ವಿಷಯವಲ್ಲ. ಅದು ನಾಗರಿಕರೆಲ್ಲರಿಗೂ ಸೇರಿದ ರಾಜಕೀಯ ಪ್ರಶ್ನೆ.

ಹಗುರ ಸೈಫರ್ ಅಂದ್ರೆ ಏನು?

ಬ್ಲಾಕ್ ಸೈಫರ್ ಒಂದು ಯಂತ್ರ ಅಂದುಕೊಳ್ಳಿ. ಒಂದು ಕಡೆಯಿಂದ ನಿಗದಿತ ಅಳತೆಯ ಮಾಹಿತಿಯ ತುಂಡು ಹಾಕಿ, ಗುಟ್ಟಿನ ಕೀಲಿ ಕೊಟ್ಟರೆ, ಇನ್ನೊಂದು ಕಡೆಯಿಂದ ಅಷ್ಟೇ ಅಳತೆಯ ಅರ್ಥವಾಗದ ತುಂಡು ಹೊರಬರುತ್ತದೆ. ಒಳಗೆ ನಡೆಯುವುದು ಒಂದೇ ಸರಳ ಕೆಲಸ, ಅದೂ ಮತ್ತೆ ಮತ್ತೆ. ಕಲಸು, ಕೀಲಿ ಬೆರೆಸು, ಮತ್ತೆ ಕಲಸು. ಪ್ರತಿ ಸಲದ ಕಲಸುವಿಕೆಗೆ ಒಂದು ಸುತ್ತು ಅಂತ ಹೆಸರು. ಮೂಲ ಕೀಲಿಯಿಂದಲೇ ಪ್ರತಿ ಸುತ್ತಿಗೂ ಒಂದೊಂದು ಮರಿಕೀಲಿ ತೆಗೆಯುತ್ತಾರೆ.

ನಮ್ಮ ಲ್ಯಾಪ್‌ಟಾಪು, ಬ್ಯಾಂಕ್ ವೆಬ್‌ಸೈಟುಗಳಲ್ಲಿ ಸಾಮಾನ್ಯವಾಗಿ ಎಇಎಸ್ ಎಂಬ ಸೈಫರ್ ಇರುತ್ತದೆ. ಆದರೆ ಕೆಲವೇ ರೂಪಾಯಿಯ ಟ್ಯಾಗಿಗೆ ಅಷ್ಟು ಸರ್ಕ್ಯೂಟು, ಅಷ್ಟು ವಿದ್ಯುತ್ತು ಎಲ್ಲಿಂದ ತರೋಣ? ಅದಕ್ಕೇ ಹಗುರ ಸೈಫರ್‌ಗಳು ಹುಟ್ಟಿದವು. 2007ರಲ್ಲಿ ಬಂದ ಪ್ರೆಸೆಂಟ್ ಇವುಗಳಲ್ಲಿ ಹೆಸರುವಾಸಿ: 64 ಬಿಟ್ ತುಂಡು, 80 ಅಥವಾ 128 ಬಿಟ್ ಕೀಲಿ, 31 ಸುತ್ತು. 2013ರ ಜೂನ್‌ನಲ್ಲಿ ಅಮೆರಿಕದ ಗೂಢಚರ್ಯೆ ಸಂಸ್ಥೆ ಎನ್‌ಎಸ್‌ಎ ಸೈಮನ್ ಮತ್ತು ಸ್ಪೆಕ್ ಎಂಬ ಎರಡು ಸೈಫರ್ ಕುಟುಂಬಗಳನ್ನು ಪ್ರಕಟಿಸಿತು. 2017ರಲ್ಲಿ ಬಂದ ಗಿಫ್ಟ್ ಸೈಫರ್‌ನ ರೂವಾರಿಗಳಲ್ಲಿ ಸುಭದೀಪ್ ಬಾನಿಕ್, ಸುಮಿತ್ ಕುಮಾರ್ ಪಾಂಡೆಯಂಥ ಭಾರತೀಯ ಹೆಸರುಗಳೂ ಇವೆ.

ಹಗುರ ಮಾಡುವುದು ಅಂದರೆ ಎಲ್ಲೋ ಒಂದು ಕಡೆ ಕಡಿತ ಮಾಡುವುದೇ. ಸುತ್ತು ಸರಳವಾಗುತ್ತದೆ, ಮರಿಕೀಲಿ ತೆಗೆಯುವ ವಿಧಾನ ಸರಳವಾಗುತ್ತದೆ, ತುಂಡು ಚಿಕ್ಕದಾಗುತ್ತದೆ. ಆ ಕಡಿತ ಅತಿಯಾಯಿತಾ ಅಂತ ಪರೀಕ್ಷಿಸುವ ಮುಖ್ಯ ಸಾಧನಗಳಲ್ಲಿ ಒಂದು ಡಿಫರೆನ್ಷಿಯಲ್ ದಾಳಿ, ಅಂದರೆ ವ್ಯತ್ಯಾಸದ ಮೇಲಿನ ದಾಳಿ.

ವ್ಯತ್ಯಾಸದ ಜಾಡು

ಇಬ್ಬರು ಒಂದೇ ತೂಕದ ಚೀಲ ಹೊತ್ತು ತೂಕದ ಯಂತ್ರ ಹತ್ತಿದರು ಅಂದುಕೊಳ್ಳಿ. ಚೀಲ ಎಷ್ಟು ಭಾರ ಅಂತ ನಮಗೆ ಗೊತ್ತಿಲ್ಲ, ಹಾಗಾಗಿ ಯಾರ ತೂಕ ಎಷ್ಟು ಅಂತಲೂ ಗೊತ್ತಾಗಲ್ಲ. ಆದರೆ ಇಬ್ಬರ ನಡುವಿನ ವ್ಯತ್ಯಾಸ ಕರಾರುವಾಕ್ಕಾಗಿ ಸಿಗುತ್ತದೆ. ಚೀಲ ಎರಡೂ ಕಡೆ ಒಂದೇ ಆದ್ದರಿಂದ ಲೆಕ್ಕದಲ್ಲಿ ಹೊಡೆದು ಹೋಗುತ್ತದೆ.

ಡಿಫರೆನ್ಷಿಯಲ್ ದಾಳಿಯ ಜೀವಾಳ ಇದೇ. ದಾಳಿಕಾರ ಪರಸ್ಪರ ನಿಗದಿತ ವ್ಯತ್ಯಾಸ ಇರುವ ಎರಡು ಪಠ್ಯಗಳನ್ನು ಒಂದೇ ಕೀಲಿಯಲ್ಲಿ ಗೂಢಲಿಪಿ ಮಾಡಿಸುತ್ತಾನೆ. ಕೀಲಿ ಬೆರೆಸುವ ಹಂತದಲ್ಲಿ ಎರಡಕ್ಕೂ ಅದೇ ಮರಿಕೀಲಿ ಸೇರುವುದರಿಂದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಕಲಸುವ ಹಂತದಲ್ಲಿ ಮಾತ್ರ ಅದು ಚದುರುತ್ತದೆ, ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಚದುರುವುದಿಲ್ಲ. ಕೆಲವು ವ್ಯತ್ಯಾಸಗಳು ಕೆಲವು ದಾರಿ ಹಿಡಿಯುವ ಸಂಭವ ಹೆಚ್ಚು. ಸುತ್ತಿನಿಂದ ಸುತ್ತಿಗೆ ಇಂಥ ಸಂಭವನೀಯ ದಾರಿಗಳನ್ನು ಜೋಡಿಸಿದರೆ ಒಂದು ಜಾಡು ಸಿಗುತ್ತದೆ. ಇಂಥ ವ್ಯತ್ಯಾಸದಿಂದ ಹೊರಟರೆ ಇಷ್ಟು ಸುತ್ತಿನ ನಂತರ ಇಂಥ ವ್ಯತ್ಯಾಸ ಸಿಗುವ ಸಂಭವ ಇಷ್ಟು ಅಂತ ಹೇಳುವ ನಕ್ಷೆ ಅದು.

ಈ ವಿಧಾನವನ್ನು ಇಸ್ರೇಲಿನ ಎಲಿ ಬಿಹಾಮ್ ಮತ್ತು ಆದಿ ಶಮೀರ್ 1990ರಲ್ಲಿ ಬಯಲಿಗೆ ತಂದರು. ಆಗಿನ ಅಮೆರಿಕದ ಅಧಿಕೃತ ಸೈಫರ್ ಡಿಇಎಸ್‌ನ 16 ಸುತ್ತುಗಳನ್ನೂ ದಾಟುವ ದಾಳಿಯನ್ನು 1992ರಲ್ಲಿ ಮಂಡಿಸಿದರು. ಅದಕ್ಕೆ ದಾಳಿಕಾರನೇ ಆರಿಸಿದ 2⁴⁷ ಪಠ್ಯಗಳು ಬೇಕಿದ್ದವು. ಕಾಗದದ ಮೇಲೆ ದೊಡ್ಡ ಗೆಲುವು, ಬಳಕೆಯಲ್ಲಿ ಕಷ್ಟಸಾಧ್ಯ.

ಅಸಲಿ ಸುದ್ದಿ ಬಂದಿದ್ದು 1994ರಲ್ಲಿ. ಡಿಇಎಸ್ ರೂಪಿಸಿದ ಐಬಿಎಂ ತಂಡದ ಡಾನ್ ಕಾಪರ್‌ಸ್ಮಿತ್ ಒಂದು ಲೇಖನ ಬರೆದು, ಈ ದಾಳಿ ತಮಗೆ 1974ರಲ್ಲೇ ಗೊತ್ತಿತ್ತು, ಅದನ್ನು ತಡೆಯುವಂತೆಯೇ ಸೈಫರ್ ಕಟ್ಟಿದ್ದೆವು, ಎನ್‌ಎಸ್‌ಎ ಜೊತೆ ಚರ್ಚಿಸಿದ ಮೇಲೆ ಗುಟ್ಟಾಗಿಟ್ಟೆವು ಅಂತ ತಿಳಿಸಿದರು. ಅಂದರೆ ಜಗತ್ತಿನ ಬ್ಯಾಂಕುಗಳೆಲ್ಲ ನೆಚ್ಚಿಕೊಂಡ ಬೀಗದ ಬಗ್ಗೆ ಕೆಲವೇ ಜನರಿಗೆ ಗೊತ್ತಿದ್ದ ಒಂದು ಮೂಲಭೂತ ಸತ್ಯ 16 ವರ್ಷ ಹೊರಗೆ ಬರಲಿಲ್ಲ. ಈ ಪ್ರಕರಣದಲ್ಲಿ ಗುಟ್ಟು ಸೈಫರನ್ನು ಗಟ್ಟಿ ಮಾಡಲು ಬಳಕೆಯಾಯಿತು, ನಿಜ. ಆದರೆ ಹಾಗೆ ಬಳಕೆಯಾಯಿತು ಅಂತ ತಿಳಿಯಲು ಅದೇ ಗುಂಪಿನ ಒಬ್ಬರು ಬಾಯಿ ಬಿಡುವವರೆಗೆ ಕಾಯಬೇಕಾಯಿತಲ್ಲ?

ಜಾಡು ಸಿಕ್ಕರೆ ಕೀಲಿ ಸಿಕ್ಕಂತಲ್ಲ

ಜಾಡು ಹೇಳುವುದು ಒಂದೇ ಮಾತು: ಈ ಸೈಫರ್ ಪೂರ್ತಿ ಯಾದೃಚ್ಛಿಕವಾಗಿ ವರ್ತಿಸುತ್ತಿಲ್ಲ. ಅಲ್ಲಿಂದ ಕೀಲಿಯವರೆಗೆ ಹೋಗುವ ಕೆಲಸಕ್ಕೆ ಕೀಲಿ ಪತ್ತೆ ಹಂತ ಅನ್ನುತ್ತಾರೆ. ದಾಳಿಕಾರ ಜಾಡಿನ ಮುಂದೆ ಇನ್ನೂ ಕೆಲವು ಸುತ್ತು ಸೇರಿಸಿಕೊಳ್ಳುತ್ತಾನೆ. ಆ ಕೊನೆಯ ಸುತ್ತುಗಳ ಮರಿಕೀಲಿಗಳನ್ನು ಊಹಿಸಿ, ಗೂಢ ಪಠ್ಯವನ್ನು ಹಿಂದಕ್ಕೆ ಬಿಚ್ಚುತ್ತಾನೆ. ಊಹೆ ಸರಿಯಿದ್ದರೆ ಜಾಡಿನ ಕೊನೆಯ ವ್ಯತ್ಯಾಸ ನಿರೀಕ್ಷೆಗಿಂತ ಹೆಚ್ಚು ಸಲ ಕಾಣಿಸಿಕೊಳ್ಳುತ್ತದೆ. ತಪ್ಪಿದ್ದರೆ ಗದ್ದಲ ಬಿಟ್ಟು ಬೇರೇನೂ ಕಾಣುವುದಿಲ್ಲ.

ತೊಡಕು ಊಹೆಗಳ ಸಂಖ್ಯೆಯಲ್ಲಿದೆ. ಸೇರಿಸಿದ ಪ್ರತಿ ಸುತ್ತಿಗೂ ಊಹಿಸಬೇಕಾದ ಬಿಟ್‌ಗಳು ಹೆಚ್ಚುತ್ತವೆ, ಒಂದು ಬಿಟ್ ಹೆಚ್ಚಾದರೆ ಕೆಲಸ ಎರಡು ಪಟ್ಟಾಗುತ್ತದೆ. ಒಂದು ಹಂತದಲ್ಲಿ ಎಲ್ಲ ಕೀಲಿಗಳನ್ನೂ ಒಂದೊಂದಾಗಿ ಹಾಕಿ ನೋಡುವುದೇ ವಾಸಿ ಅನ್ನಿಸುತ್ತದೆ. ಹಾಗಾಗಿ ಜಾಡು ಅದೇ ಇದ್ದರೂ, ಕೀಲಿ ಪತ್ತೆ ಹಂತವನ್ನು ಚುರುಕು ಮಾಡಿದವರು ಇನ್ನೊಂದೆರಡು ಸುತ್ತು ಮುಂದೆ ಹೋಗುತ್ತಾರೆ. ಹೊರಗಿನವರಿಗೆ ಇದು ಬರೀ ಲೆಕ್ಕದ ಕಸರತ್ತು ಅನ್ನಿಸಬಹುದು. ಸೈಫರ್‌ನ ಆಯಸ್ಸು ತೀರ್ಮಾನವಾಗುವುದು ಎಷ್ಟೋ ಸಲ ಇಲ್ಲೇ.

ಸ್ಪೆಕ್‌ನಲ್ಲಿ ನಡೆದಿದ್ದು

ಸ್ಪೆಕ್ ಕುಟುಂಬದ ಅತಿ ಚಿಕ್ಕ ಸದಸ್ಯನನ್ನೇ ತೆಗೆದುಕೊಳ್ಳೋಣ. 32 ಬಿಟ್ ತುಂಡು, 64 ಬಿಟ್ ಕೀಲಿ, 22 ಸುತ್ತು. ತುಂಡನ್ನು 16 ಬಿಟ್‌ನ ಎರಡು ಭಾಗ ಮಾಡುತ್ತಾರೆ. ಒಂದು ಭಾಗವನ್ನು 7 ಸ್ಥಾನ ತಿರುಗಿಸಿ ಇನ್ನೊಂದರ ಜೊತೆ ಕೂಡಿಸಿ, ಅದಕ್ಕೆ 16 ಬಿಟ್‌ನ ಮರಿಕೀಲಿ ಬೆರೆಸುತ್ತಾರೆ. ಎರಡನೆಯ ಭಾಗವನ್ನು 2 ಸ್ಥಾನ ತಿರುಗಿಸಿ ಮೊದಲನೆಯದರ ಜೊತೆ ಬೆರೆಸುತ್ತಾರೆ. ಒಂದು ಸುತ್ತು ಅಂದರೆ ಇಷ್ಟೇ.

ಇದರ 9 ಸುತ್ತು ದಾಟುವ ಜಾಡೊಂದು ಗೊತ್ತಿತ್ತು, ಅದು ಫಲಿಸುವ ಸಂಭವ 2³⁰ರಲ್ಲಿ 1. 2014ರಲ್ಲಿ ಇತಾಯ್ ಡಿನೂರ್ ಎಂಬ ಸಂಶೋಧಕ ಮೊದಲೇ ಗೊತ್ತಿದ್ದ ಜಾಡುಗಳನ್ನು ಇಟ್ಟುಕೊಂಡೇ, ಕೀಲಿ ಪತ್ತೆಯ ವಿಧಾನವನ್ನು ಬದಲಿಸಿ, 22ರಲ್ಲಿ 14 ಸುತ್ತುಗಳವರೆಗೆ ದಾಳಿ ಮಾಡಬಹುದೆಂದು ತೋರಿಸಿದ. 9ರಿಂದ 14ಕ್ಕೆ ಹೋಗಿದ್ದು ಹೇಗೆ?

ಮೊದಲ ಸುತ್ತು ಬಿಟ್ಟಿ. ಸ್ಪೆಕ್‌ನಲ್ಲಿ ಕೂಡಿಸುವ ಕೆಲಸ ಮೊದಲು ನಡೆಯುತ್ತದೆ, ಕೀಲಿ ಬೆರೆಯುವುದು ಆಮೇಲೆ. ಹಾಗಾಗಿ ಮೊದಲ ಸುತ್ತಿನ ನಂತರ ಬೇಕಾದ ವ್ಯತ್ಯಾಸವೇ ಸಿಗುವಂತೆ ಪಠ್ಯಗಳನ್ನು ಕೀಲಿ ಗೊತ್ತಿಲ್ಲದೆಯೇ ಆರಿಸಿಕೊಳ್ಳಬಹುದು. ಅಲ್ಲಿಗೆ 9 ಹೋಗಿ 10 ಆಯಿತು.

ಉಳಿದಿದ್ದು ಕೊನೆಯ 4 ಸುತ್ತು. ಒಂದು ಮರಿಕೀಲಿ 16 ಬಿಟ್, ನಾಲ್ಕಕ್ಕೆ 64. ಅಂದರೆ ನಾಲ್ಕನ್ನೂ ಊಹಿಸಲು ಹೊರಟರೆ ಪೂರ್ತಿ ಕೀಲಿಯನ್ನೇ ಊಹಿಸಿದ ಹಾಗೆ, ದಾಳಿಗೆ ಅರ್ಥವೇ ಇಲ್ಲ. ಡಿನೂರ್ ಊಹಿಸಿದ್ದು ಕೊನೆಯ ಎರಡನ್ನು ಮಾತ್ರ, ಅಂದರೆ 32 ಬಿಟ್. ಉಳಿದ ಎರಡನ್ನು ಊಹಿಸದೆ, ಸಮೀಕರಣ ಬಿಡಿಸಿದ ಹಾಗೆ ಬಿಡಿಸಿದ. ಆ ಎರಡು ಸುತ್ತಿನ ಒಂದು ತುದಿಯಲ್ಲಿ ಜಾಡು ಹೇಳುವ ವ್ಯತ್ಯಾಸ ಇದೆ, ಇನ್ನೊಂದು ತುದಿಯಲ್ಲಿ ಬಿಚ್ಚಿದ ಗೂಢ ಪಠ್ಯಗಳಿವೆ. ಈ ಎರಡಕ್ಕೂ ಹೊಂದುವ ಮರಿಕೀಲಿಗಳು ಸರಾಸರಿ ಬೆರಳೆಣಿಕೆಯಷ್ಟೇ.

ಅವನ್ನು ಬೇಗ ಹುಡುಕಲು ಸಹಾಯ ಮಾಡಿದ್ದು ಪ್ರೈಮರಿ ಶಾಲೆಯ ಸಂಕಲನ. ಎರಡು ದೊಡ್ಡ ಸಂಖ್ಯೆ ಕೂಡಿಸುವಾಗ ಬಿಡಿ ಸ್ಥಾನದಿಂದ ಶುರು ಮಾಡಿ, ಹತ್ತು ದಾಟಿದರೆ ಕೈಯಲ್ಲಿ ಒಂದು ಇಟ್ಕೊಂಡು ಎಡಕ್ಕೆ ಹೋಗ್ತೀವಿ ಅಲ್ವಾ? ಎಡಗಡೆಯ ಅಂಕಿ ಏನೇ ಇರಲಿ, ಬಲಗಡೆಯ ಉತ್ತರ ಬದಲಾಗುವುದಿಲ್ಲ. ಹಾಗಾಗಿ ಬಲಗಡೆಯ ಬಿಟ್‌ನಿಂದ ಒಂದೊಂದಾಗಿ ಊಹಿಸುತ್ತಾ, ಪ್ರತಿ ಹೆಜ್ಜೆಯಲ್ಲೂ ತಾಳೆ ನೋಡಬಹುದು. ತಾಳೆಯಾಗದ ಊಹೆಯನ್ನು ಅಲ್ಲೇ ಎಸೆಯಬಹುದು, ಕೊನೆಯವರೆಗೆ ಹೊತ್ತೊಯ್ಯಬೇಕಿಲ್ಲ.

ಫಲಿತಾಂಶ: ಒಂದು ಜೋಡಿಗೆ ಸುಮಾರು 2³² ಕೆಲಸ. 11 ಸುತ್ತಿನ ದಾಳಿಗೆ 2¹⁴ ಪಠ್ಯ, 2⁴⁶ ಕೆಲಸ. 14 ಸುತ್ತಿನದಕ್ಕೆ 2³¹ ಪಠ್ಯ, 2⁶³ ಕೆಲಸ. ಎಲ್ಲ ಕೀಲಿಗಳನ್ನೂ ಹಾಕಿ ನೋಡಲು 2⁶⁴ ಬೇಕು. ಅಂದರೆ 14 ಸುತ್ತಿನ ದಾಳಿ ಕುರುಡು ಹುಡುಕಾಟದ ಅರ್ಧ ಶ್ರಮ ಮಾತ್ರ ಉಳಿಸುತ್ತದೆ. ಯಾರ ಕಾರ್ಡಿನಿಂದಲೂ ಇದರಿಂದ ದುಡ್ಡು ಕದಿಯಲಾಗದು. ಆದರೆ ಗೆರೆ ಎಲ್ಲಿದೆ ಅಂತ ಗೊತ್ತಾಯಿತು.

2019ರಲ್ಲಿ ಏರನ್ ಗೋರ್ ಎಂಬ ಸಂಶೋಧಕ ಇದೇ ಪುಟ್ಟ ಸ್ಪೆಕ್‌ನ 11 ಸುತ್ತುಗಳ ಮೇಲೆ ಇನ್ನೊಂದು ಪ್ರಯೋಗ ಮಾಡಿದ. ವ್ಯತ್ಯಾಸ ಗುರುತಿಸುವ ಕೆಲಸವನ್ನು ನ್ಯೂರಲ್ ನೆಟ್‌ವರ್ಕಿಗೆ ಕಲಿಸಿ, ಅದರ ಸುಳಿವಿನ ಮೇಲೆ ಕೀಲಿ ಹುಡುಕುವ ಜಾಣ ವಿಧಾನ ಜೋಡಿಸಿದ. ಕೆಲಸ ಸುಮಾರು 2³⁸ಕ್ಕೆ ಇಳಿಯಿತು. ಸೆಕೆಂಡಿಗೆ 10 ಕೋಟಿ ಸಲ ಗೂಢಲಿಪಿ ಮಾಡಬಲ್ಲ ಯಂತ್ರ ಇದೆ ಅಂದುಕೊಂಡರೆ 2⁴⁶ಕ್ಕೆ 8 ದಿನ ಬೇಕು, 2³⁸ಕ್ಕೆ ಮುಕ್ಕಾಲು ಗಂಟೆ ಸಾಕು. 5 ವರ್ಷದಲ್ಲಿ ಸೈಫರ್ ಒಂಚೂರೂ ಬದಲಾಗಿರಲಿಲ್ಲ. ಬದಲಾಗಿದ್ದು ನಮ್ಮ ತಿಳಿವಳಿಕೆ.

ಊಹೆ ಕಡಿಮೆ ಮಾಡುವ ಉಪಾಯಗಳು

ಬೇರೆ ಬೇರೆ ಸೈಫರ್‌ಗಳಲ್ಲಿ ಕೀಲಿ ಪತ್ತೆಯನ್ನು ಚುರುಕು ಮಾಡಿದ ಉಪಾಯಗಳನ್ನು ನಾನು ಐದಾಗಿ ವಿಂಗಡಿಸುತ್ತೇನೆ.

ಒಂದು, ಪಠ್ಯಗಳನ್ನು ಗುಂಪಾಗಿ ಆರಿಸುವುದು. 16 ಪಠ್ಯಗಳನ್ನು ಎರಡೆರಡಾಗಿ ಕಟ್ಟಿದರೆ 8 ಜೋಡಿ. ಅವುಗಳ ನಡುವಿನ ವ್ಯತ್ಯಾಸಗಳೆಲ್ಲ ಉಪಯೋಗಕ್ಕೆ ಬರುವಂತೆ ಆರಿಸಿಕೊಂಡು, ಎಲ್ಲವನ್ನೂ ಎಲ್ಲದರ ಜೊತೆ ಜೋಡಿಸಿದರೆ 120 ಜೋಡಿ. ಖರ್ಚು ಅಷ್ಟೇ, ಫಸಲು ಹೆಚ್ಚು.

ಎರಡು, ಜರಡಿ. ಜಾಡು ಹಿಡಿದ ಜೋಡಿಗಳ ಗೂಢ ಪಠ್ಯದಲ್ಲಿ ಕೆಲವು ಸ್ಥಾನಗಳಲ್ಲಿ ವ್ಯತ್ಯಾಸ ಇರಲು ಸಾಧ್ಯವೇ ಇಲ್ಲ. ಅಲ್ಲಿ ವ್ಯತ್ಯಾಸ ಕಂಡರೆ ಆ ಜೋಡಿಯನ್ನು ಕೀಲಿ ಊಹಿಸುವ ಮೊದಲೇ ಬಿಸಾಡಬಹುದು.

ಮೂರು, ಹಂತ ಹಂತವಾಗಿ ಊಹಿಸಿ ಬೇಗ ಕೈಬಿಡುವುದು. ನಾಲ್ಕು ಅಂಕಿಯ ಸೈಕಲ್ ನಂಬರ್ ಲಾಕ್ ನೆನೆಸಿಕೊಳ್ಳಿ. ನಾಲ್ಕೂ ಒಟ್ಟಿಗೆ ಸರಿಯಾದರೆ ಮಾತ್ರ ತೆರೆಯುವುದಾದರೆ 10,000 ಸಲ ತಿರುಗಿಸಬೇಕಾದೀತು. ಒಂದೊಂದು ಚಕ್ರವೂ ಸರಿಯಾದಾಗ ಟಿಕ್ ಅಂದರೆ 40 ಸಲ ಸಾಕು. ಸೈಫರ್‌ನಲ್ಲೂ ಹಾಗೆಯೇ. 16 ಬಿಟ್ ಒಟ್ಟಿಗೆ ಊಹಿಸಿದರೆ 65,536 ಸಾಧ್ಯತೆ. ನಾಲ್ಕು ನಾಲ್ಕು ಬಿಟ್ ಊಹಿಸಿ, ಪ್ರತಿ ಹಂತದಲ್ಲೂ ಒಂದೇ ಉಳಿಯುವಷ್ಟು ಜರಡಿ ಹಿಡಿಯಲು ಆದರೆ 64. ಯಾವ ಬಿಟ್ ಮೊದಲು, ಯಾವುದು ಆಮೇಲೆ ಅನ್ನುವ ಕ್ರಮದಲ್ಲೇ ಜಾಣತನ ಇರುವುದು.

ನಾಲ್ಕು, ಮರಿಕೀಲಿಗಳ ನೆಂಟಸ್ತನ. ಪ್ರೆಸೆಂಟ್‌ನ 80 ಬಿಟ್ ಆವೃತ್ತಿಯಲ್ಲಿ ಒಂದೇ ರಿಜಿಸ್ಟರನ್ನು ಪ್ರತಿ ಸುತ್ತಿಗೂ 61 ಸ್ಥಾನ ತಿರುಗಿಸಿ, ಸ್ವಲ್ಪವೇ ಬದಲಿಸಿ, ಅದರಿಂದ 64 ಬಿಟ್ ತೆಗೆಯುತ್ತಾರೆ. ಹಾಗಾಗಿ ಒಂದು ಸುತ್ತಿನಲ್ಲಿ ಊಹಿಸಿದ ಬಿಟ್ ಮುಂದಿನ ಸುತ್ತಿನಲ್ಲಿ ಮತ್ತೆ ಬಂದಾಗ ಅದು ಪುಕ್ಕಟೆ. ಚಿಪ್ ಅಗ್ಗವಾಗಲೆಂದು ಮಾಡಿದ ಸರಳತೆ ದಾಳಿಕಾರನಿಗೂ ಅನುಕೂಲ ಮಾಡಿಕೊಡುವುದು ಹೀಗೆ.

ಐದು, ಈ ಎಲ್ಲದರ ಕ್ರಮವನ್ನು ಯಂತ್ರದಿಂದಲೇ ಹುಡುಕಿಸುವುದು. ಕೀಲಿ ಪತ್ತೆಯ ಕ್ರಮವನ್ನು ಬಹುಕಾಲ ಮನುಷ್ಯರೇ ಕೈಯಲ್ಲಿ ಲೆಕ್ಕ ಹಾಕುತ್ತಿದ್ದರು. 2024ರ ಯೂರೋಕ್ರಿಪ್ಟ್ ಸಮ್ಮೇಳನದಲ್ಲಿ ಕ್ರಿಸ್ಟಿನಾ ಬೌರಾ, ಮರಿಯಾ ನಾಯಾ-ಪ್ಲಾಸೆನ್ಸಿಯಾ ಮತ್ತು ಸಂಗಾತಿಗಳು ಕಿರಿಡಿ ಎಂಬ ಸಾಧನ ಮಂಡಿಸಿದರು. ಬಿಟ್‌ಗಳ ಸ್ಥಾನ ಬದಲಿಸುವ ಮೂಲಕ ಕಲಸುವಂಥ ಸೈಫರ್ ಮತ್ತು ಒಂದು ಜಾಡು ಕೊಟ್ಟರೆ, ಕಡಿಮೆ ಶ್ರಮದ ಊಹೆಯ ಕ್ರಮವನ್ನು ಅದು ತಾನೇ ಹುಡುಕಿಕೊಡುತ್ತದೆ. ಪ್ರೆಸೆಂಟ್, ಗಿಫ್ಟ್, ರೆಕ್ಟಾಂಗಲ್‌ನಂಥ ಸೈಫರ್‌ಗಳ ಮೇಲೆ ಅದನ್ನು ಪ್ರಯೋಗಿಸಿದರು.

ಉಳಿದ ಸುತ್ತುಗಳೇ ನಮ್ಮ ಠೇವಣಿ

ಇಂಥ ದಾಳಿಗಳ ಸುದ್ದಿಯನ್ನು ಎರಡು ರೀತಿ ತಪ್ಪಾಗಿ ಓದಬಹುದು. ಅಯ್ಯೋ ಸೈಫರ್ ಮುರಿದೇ ಹೋಯಿತು ಅಂತ ಬೊಬ್ಬೆ ಹೊಡೆಯುವುದು ಒಂದು. ಪೂರ್ತಿ ಸುತ್ತು ಮುರಿದಿಲ್ಲವಲ್ಲ, ಬಿಡಿ ಅಂತ ತಳ್ಳಿಹಾಕುವುದು ಇನ್ನೊಂದು.

ನೋಡಬೇಕಾದ್ದು ಅಂತರವನ್ನು. 22ರಲ್ಲಿ 14 ಅಂದರೆ 8 ಸುತ್ತು ಬಾಕಿ. ಪೂರ್ಣ 22 ಸುತ್ತಿನ ಸ್ಪೆಕ್ ಮೇಲೆ ಕುರುಡು ಹುಡುಕಾಟಕ್ಕಿಂತ ಚುರುಕಾದ ದಾಳಿ ಬಹಿರಂಗವಾಗಿ ಪ್ರಕಟವಾಗಿಲ್ಲ, ಇದನ್ನು ನ್ಯಾಯವಾಗಿ ಹೇಳಲೇಬೇಕು. ಪ್ರೆಸೆಂಟ್‌ನಲ್ಲಿ ಅಂತರ ಇನ್ನೂ ಕಿರಿದು. ಡಿಫರೆನ್ಷಿಯಲ್ ದಾಳಿಯ ಸೋದರಸಂಬಂಧಿಯಾದ ಲೀನಿಯರ್ ದಾಳಿಯಲ್ಲಿ, 2020ರಲ್ಲಿ ಆಂಟೋನಿಯೊ ಫ್ಲೋರೆಸ್-ಗುಟಿಯೆರೆಸ್ ಮತ್ತು ನಾಯಾ-ಪ್ಲಾಸೆನ್ಸಿಯಾ ಕೀಲಿ ಪತ್ತೆಯ ಹಂತವನ್ನು ಸುಧಾರಿಸಿ, 31ರಲ್ಲಿ 28 ಸುತ್ತುಗಳನ್ನು ತಲುಪಿದರು. ಅದಕ್ಕೆ ಬೇಕಾದ ಶ್ರಮ ಇವತ್ತಿಗೂ ಯಾರ ಕೈಗೂ ಎಟುಕುವುದಲ್ಲ. ಆದರೆ ಹತ್ತಾರು ವರ್ಷ ಬಾಳಬೇಕಾದ ಸಾಧನಕ್ಕೆ 3 ಸುತ್ತಿನ ಠೇವಣಿ ಸಾಕಾ ಅಂತ ಕೇಳಲು ನಮಗೊಂದು ಗಟ್ಟಿ ಆಧಾರ ಸಿಕ್ಕಿತು. ಸೈಫರ್ ಗುಟ್ಟಾಗಿದ್ದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಮುರಿಯುವವರು ಹೇಳಿದ್ದೆಲ್ಲ ವೇದವಾಕ್ಯ ಅಂತಲೂ ಅಲ್ಲ. ಸ್ಪೀಡಿ ಎಂಬ ಅತಿವೇಗದ ಸೈಫರ್‌ನ ಪೂರ್ಣ 7 ಸುತ್ತಿನ ಆವೃತ್ತಿಯ ಮೇಲೆ 2023ರ ಯೂರೋಕ್ರಿಪ್ಟ್‌ನಲ್ಲಿ ಡಿಫರೆನ್ಷಿಯಲ್ ದಾಳಿಯೊಂದು ಪ್ರಕಟವಾಯಿತು. ಮರುವರ್ಷ ಟಿಮ್ ಬೇನೆ ಮತ್ತು ಆಡಿ ನೇಯ್ಟ್ ಒಂದು ಟಿಪ್ಪಣಿ ಬರೆದು, ಆ ದಾಳಿ ನೆಚ್ಚಿಕೊಂಡ ಮುಖ್ಯ ಜಾಡು ಫಲಿಸುವ ಸಂಭವ ಸೊನ್ನೆ ಅಂತ ತೋರಿಸಿದರು. ಪ್ರತಿ ಸುತ್ತಿನ ಸಂಭವವನ್ನು ಬಿಡಿಬಿಡಿಯಾಗಿ ಗುಣಿಸುತ್ತಾ ಹೋದರೆ, ಒಂದಕ್ಕೊಂದು ಹೊಂದದ ಸುತ್ತುಗಳನ್ನೂ ಜೋಡಿಸಿಬಿಡುವ ಅಪಾಯ ಇರುತ್ತದೆ. ಸೈಫರ್ ಬಯಲಲ್ಲಿತ್ತು, ದಾಳಿಯೂ ಬಯಲಲ್ಲಿತ್ತು, ತಿದ್ದುಪಡಿಯೂ ಬಯಲಲ್ಲೇ ಆಯಿತು. ಇದು ವಿಜ್ಞಾನಕ್ಕೆ ಬಂದ ಕಳಂಕವಲ್ಲ, ವಿಜ್ಞಾನ ನಡೆಯಬೇಕಾದ ರೀತಿಯೇ ಇದು.

ನಂಬಿ ಅಂದವರನ್ನು ಜಗತ್ತು ಯಾಕೆ ನಂಬಲಿಲ್ಲ

ಈಗ ರಾಜಕೀಯಕ್ಕೆ ಬರೋಣ. ಸೈಮನ್, ಸ್ಪೆಕ್ ಎರಡನ್ನೂ ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒದಲ್ಲಿ ಅಂಗೀಕರಿಸುವಂತೆ ಅಮೆರಿಕ ಪ್ರಯತ್ನಿಸಿತು. ತಾಂತ್ರಿಕವಾಗಿ ಸ್ಪೆಕ್ ಬಹಳ ವೇಗ, ಬಹಳ ಚೊಕ್ಕ. ಆದರೆ 2013ರಲ್ಲಿ ಪ್ರಕಟಿಸಿದಾಗ, ಈ ತಿರುಗಿಸುವ ಸಂಖ್ಯೆಗಳನ್ನು ಯಾಕೆ ಆರಿಸಿದಿರಿ, ಇಷ್ಟೇ ಸುತ್ತು ಸಾಕು ಅಂತ ಹೇಗೆ ತೀರ್ಮಾನಿಸಿದಿರಿ ಅನ್ನುವುದಕ್ಕೆ ಎನ್‌ಎಸ್‌ಎ ವಿವರ ಕೊಟ್ಟಿರಲಿಲ್ಲ. ವಿನ್ಯಾಸದ ಟಿಪ್ಪಣಿ ಬಂದಿದ್ದು 2017ರಲ್ಲಿ. ಅಷ್ಟರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳು ಜಗತ್ತಿನ ಮುಂದಿದ್ದವು, ಹಿಂಬಾಗಿಲ ಶಂಕೆಗೆ ಒಳಗಾದ ಡ್ಯುಯಲ್ ಇಸಿ ಎಂಬ ಮಾನದಂಡವನ್ನು ಅಮೆರಿಕದ್ದೇ ಸಂಸ್ಥೆ ನಿಸ್ಟ್ 2014ರಲ್ಲಿ ಕೈಬಿಟ್ಟಿತ್ತು. 2018ರ ಏಪ್ರಿಲ್‌ನಲ್ಲಿ ಐಎಸ್‌ಒ ಸಮಿತಿ ಸೈಮನ್, ಸ್ಪೆಕ್ ಎರಡನ್ನೂ ತನ್ನ ಹಗುರ ಬ್ಲಾಕ್ ಸೈಫರ್‌ಗಳ ಮಾನದಂಡದಿಂದ ಹೊರಗಿಟ್ಟಿತು.

ಇದರ ಬಿಸಿ ಅಗ್ಗದ ಫೋನುಗಳಿಗೂ ತಟ್ಟಿತು. ಎಇಎಸ್‌ಗೆ ಬೇಕಾದ ವಿಶೇಷ ಸರ್ಕ್ಯೂಟ್ ಇಲ್ಲದ ಆಂಡ್ರಾಯ್ಡ್ ಗೋ ಫೋನುಗಳಲ್ಲಿ ಮೆಮೊರಿಯನ್ನು ಗೂಢಲಿಪಿ ಮಾಡಲು ಗೂಗಲ್ ಸ್ಪೆಕ್ ಬಳಸಲು ಹೊರಟಿತ್ತು, ಲಿನಕ್ಸ್ ಕರ್ನಲ್‌ಗೂ ಅದು ಸೇರಿತ್ತು. ಟೀಕೆ ಜೋರಾದ ಮೇಲೆ ಗೂಗಲ್ ಹಿಂದೆ ಸರಿದು, 2019ರಲ್ಲಿ ಅಡಿಯಾಂಟಮ್ ಎಂಬ ಬೇರೆ ವಿಧಾನ ತಂದಿತು. ಲಿನಕ್ಸ್‌ನಿಂದಲೂ ಸ್ಪೆಕ್ ಹೊರಬಿತ್ತು. ಭಾರತದಲ್ಲೂ ಮಾರಾಟವಾದ ಫೋನುಗಳಿವು. ದುಬಾರಿ ಫೋನಿನವರಿಗೆ ಎಲ್ಲರೂ ಪರೀಕ್ಷಿಸಿದ ಬೀಗ, ಅಗ್ಗದ ಫೋನಿನವರಿಗೆ ಗೂಢಚರ್ಯೆ ಸಂಸ್ಥೆ ಕೊಟ್ಟ ಬೀಗ ಅನ್ನುವ ಪರಿಸ್ಥಿತಿ ತಪ್ಪಿದ್ದು ಜನ ಪ್ರಶ್ನೆ ಕೇಳಿದ್ದರಿಂದ. ಹಗುರ ಸೈಫರ್‌ನ ವಿಷಯ ವರ್ಗದ ವಿಷಯವೂ ಹೌದು ಅಂತ ನಾನು ಹೇಳುವುದು ಇದಕ್ಕೇ.

ಬೇರೆ ದಾರಿಯೂ ಇದೆ. ಹಗುರ ಗೂಢಲಿಪಿಗೆ ಮಾನದಂಡ ಆರಿಸಲು ನಿಸ್ಟ್ ಬಹಿರಂಗ ಸ್ಪರ್ಧೆ ನಡೆಸಿತು. 2019ರಲ್ಲಿ 57 ಪ್ರಸ್ತಾವಗಳು ಬಂದವು. ಕೊನೆಯ ಸುತ್ತಿಗೆ ಉಳಿದ 10ರಲ್ಲಿ ಗಿಫ್ಟ್ ಆಧಾರಿತ ವಿಧಾನವೂ ಒಂದು, ಅದರ ತಂಡದಲ್ಲಿ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೃದುಲ್ ನಂದಿ ಇದ್ದರು. 2023ರ ಫೆಬ್ರವರಿಯಲ್ಲಿ ಆಸ್ಕಾನ್ ಗೆದ್ದಿತು. ವರ್ಷಗಟ್ಟಲೆ ಜಗತ್ತಿನ ದಾಳಿಕಾರರು ಅದನ್ನು ಜಗ್ಗಾಡಿದ ಮೇಲೆ ಸಿಕ್ಕ ಗೆಲುವು ಅದು.

ನಮ್ಮ ಮನೆ ಬಾಗಿಲಿಗೆ ಬಂದಾಗ

ಭಾರತ ಸರ್ಕಾರ 25 ಕೋಟಿ ಸ್ಮಾರ್ಟ್ ಮೀಟರ್ ಹಾಕುವ ಗುರಿ ಇಟ್ಟುಕೊಂಡಿದೆ. ಟ್ಯಾಗು, ಕಾರ್ಡು, ಸೆನ್ಸರುಗಳ ಟೆಂಡರುಗಳು ರಾಜ್ಯಗಳಲ್ಲೂ ನಡೆಯುತ್ತಲೇ ಇವೆ. ಇಲ್ಲಿ ಕಾನೂನು ಯಾರ ಪರ ನಿಂತಿದೆ ಅಂತ ನೋಡಿ.

ಪ್ರಕಟಿತ ಸೈಫರನ್ನು ಕಾಗದದ ಮೇಲೆ ಮುರಿಯಲು ಯಾರ ಅಪ್ಪಣೆಯೂ ಬೇಡ. ಡಿನೂರ್‌ಗೆ ಯಾರ ಸಾಧನವನ್ನೂ ಬಿಚ್ಚುವ ಅಗತ್ಯ ಬೀಳಲಿಲ್ಲ. ಆದರೆ ಸೈಫರ್ ಗುಟ್ಟಾಗಿದ್ದರೆ ಸಂಶೋಧಕರು ಸಾಧನವನ್ನೇ ಬಿಚ್ಚಬೇಕು, ವ್ಯವಸ್ಥೆಯೊಳಗೆ ಕೈ ಹಾಕಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆ ಪ್ರವೇಶಿಸಿದವರು ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಗಾಗಿ ಮಾಡಿದರೆ 66ನೇ ಸೆಕ್ಷನ್ನಿನಡಿ 3 ವರ್ಷದವರೆಗೆ ಜೈಲು. ವಂಚಕರಿಗೆ ಶಿಕ್ಷೆಯಾಗಲಿ, ತಕರಾರಿಲ್ಲ. ಆದರೆ ಸದುದ್ದೇಶದ ಭದ್ರತಾ ಸಂಶೋಧನೆಗೆ ಅಂತಲೇ ಪ್ರತ್ಯೇಕ ರಕ್ಷಣೆ ಆ ಕಾಯ್ದೆಯಲ್ಲಿಲ್ಲ. ಮಾಹಿತಿ ಹಕ್ಕು ಅರ್ಜಿ ಹಾಕಿದರೆ 8(1)(ಡಿ) ಕಲಮಿನ ವ್ಯಾಪಾರ ಗುಟ್ಟಿನ ವಿನಾಯಿತಿ ಎದುರು ನಿಲ್ಲಬಹುದು. ವಿಶಾಲ ಸಾರ್ವಜನಿಕ ಹಿತ ಇದ್ದರೆ ಮಾಹಿತಿ ಕೊಡಬೇಕು ಅಂತಲೂ ಅದೇ ಕಲಮು ಹೇಳುತ್ತದೆ, ಅದನ್ನು ಹಿಡಿದು ವಾದಿಸಬೇಕು.

ಗುಟ್ಟು ಎಷ್ಟು ದಿನ ಕಾಪಾಡುತ್ತದೆ ಅನ್ನುವುದಕ್ಕೆ ನೆದರ್ಲೆಂಡ್ಸ್‌ನ ಉದಾಹರಣೆ ಸಾಕು. ಪ್ರಯಾಣದ ಕಾರ್ಡುಗಳಲ್ಲಿ ಬಳಕೆಯಾಗುತ್ತಿದ್ದ ಮೈಫೇರ್ ಕ್ಲಾಸಿಕ್ ಚಿಪ್‌ನ ಗುಟ್ಟಿನ ಸೈಫರ್‌ಗೆ ಇದ್ದಿದ್ದು 48 ಬಿಟ್ ಕೀಲಿ. ಅದು ಬ್ಲಾಕ್ ಸೈಫರ್ ಅಲ್ಲ, ಆದರೂ ಪಾಠ ಒಂದೇ. 2008ರಲ್ಲಿ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಹುಳುಕು ಪ್ರಕಟಿಸಲು ಹೊರಟಾಗ ತಯಾರಕ ಕಂಪನಿ ಎನ್‌ಎಕ್ಸ್‌ಪಿ ಕೋರ್ಟಿಗೆ ಹೋಯಿತು. ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಎತ್ತಿಹಿಡಿದು ಕೋರ್ಟ್ ತಡೆಯಾಜ್ಞೆ ನಿರಾಕರಿಸಿತು. ಹುಳುಕು ಇರುವುದು ಚಿಪ್‌ನಲ್ಲಿ, ಅದನ್ನು ಬರೆದ ಲೇಖನದಲ್ಲಲ್ಲ. ನಮ್ಮ ಕಾನೂನೂ ಇಷ್ಟು ಸರಳ ಸತ್ಯವನ್ನು ಒಪ್ಪಿಕೊಳ್ಳಬೇಕು ಅನ್ನುವುದು ನನ್ನ ಒತ್ತಾಯ.

ಹಾಗಾಗಿ ನಿಮ್ಮೂರಿನ ಪಾಲಿಕೆಯೋ, ವಿದ್ಯುತ್ ಕಂಪನಿಯೋ, ಕಾಲೇಜೋ ಹೊಸ ಕಾರ್ಡು, ಹೊಸ ಮೀಟರು ತಂದಾಗ ಐದು ಪ್ರಶ್ನೆ ಕೇಳಿ. ಯಾವ ಸೈಫರ್ ಬಳಸಿದ್ದೀರಿ? ಅದರ ವಿನ್ಯಾಸ ಪ್ರಕಟವಾಗಿದೆಯಾ? ಒಟ್ಟು ಎಷ್ಟು ಸುತ್ತು, ಪ್ರಕಟಿತ ದಾಳಿಗಳು ಎಲ್ಲಿವರೆಗೆ ಬಂದಿವೆ? ನಾಳೆ ಆ ಅಂತರ ಕಿರಿದಾದರೆ ಸೈಫರ್ ಬದಲಿಸಲು ಸಾಧನದಲ್ಲಿ ಅವಕಾಶ ಇದೆಯಾ? ಹುಳುಕು ಕಂಡವರು ಯಾರಿಗೆ ತಿಳಿಸಬೇಕು, ತಿಳಿಸಿದರೆ ಅವರ ಮೇಲೆ ಕೇಸ್ ಹಾಕುವುದಿಲ್ಲ ಅಂತ ಬರೆದು ಕೊಡ್ತೀರಾ?

ಈ ಪ್ರಶ್ನೆಗಳಿಗೆ ಕ್ರಿಪ್ಟೊಗ್ರಫಿಯಲ್ಲಿ ಡಿಗ್ರಿ ಬೇಕಿಲ್ಲ. 22ರಲ್ಲಿ 14 ಕಳೆದರೆ 8 ಅನ್ನುವಷ್ಟು ಲೆಕ್ಕ ಬಂದರೆ ಸಾಕು.